ಕಾರ್ಖಾನೆಯ ಹಿತ್ತಲಲ್ಲಿ ಹುಟ್ಟಿದ ವಿಮಾನ ನಿಲ್ದಾಣ

ಬೆಳ್ಳಂದೂರು ಕೆರೆಯಲ್ಲಿ ವಿಮಾನ ಇಳಿಯುತ್ತಿತ್ತು ಅಂದರೆ ಈಗಿನ ಮಕ್ಕಳು ನಂಬುವುದಿಲ್ಲ. ಅವರಿಗೆ ಗೊತ್ತಿರುವುದು ರಸ್ತೆಗೆ ನೊರೆ ಚೆಲ್ಲುವ ಕೆರೆ, ಬೆಂಕಿ ಹೊತ್ತಿಕೊಂಡು ಟಿವಿಯಲ್ಲಿ ಬಂದ ಕೆರೆ. ಆದರೆ ಎರಡನೇ ಮಹಾಯುದ್ಧದ ದಿನಗಳಲ್ಲಿ ಅದೇ ನೀರಿನ ಮೇಲೆ ಕ್ಯಾಟಲೀನಾ ಎಂಬ ದೊಡ್ಡ ತೇಲುವಿಮಾನಗಳು ಬಂದಿಳಿಯುತ್ತಿದ್ದವು. ರೆಕ್ಕೆಯ ಒಂದು ತುದಿಯಿಂದ ಇನ್ನೊಂದು ತುದಿಗೆ 104 ಅಡಿ. ಹೊಟ್ಟೆ ದೋಣಿಯದು, ಬೆನ್ನು ಹಕ್ಕಿಯದು.

ಬೆಂಗಳೂರಿನಿಂದ ಸಮುದ್ರಕ್ಕೆ ಇನ್ನೂರೈವತ್ತು ಕಿಲೋಮೀಟರಿಗೂ ಹೆಚ್ಚು ದೂರ. ಸಮುದ್ರ ಕಾಯುವ ವಿಮಾನಕ್ಕೆ ಇಲ್ಲೇನು ಕೆಲಸ? ರಿಪೇರಿ ಕೆಲಸ. ಆ ರಿಪೇರಿಯ ಕಥೆ ಬಿಡಿಸಿದರೆ ಬೆಂಗಳೂರಿನ ಹಳೇ ಏರ್‌ಪೋರ್ಟ್ ಹೇಗೆ ಹುಟ್ಟಿತು ಎನ್ನುವುದೂ ಬಿಡಿಸಿಕೊಳ್ಳುತ್ತದೆ. ನಮ್ಮೂರಿನ ವಿಮಾನ ನಿಲ್ದಾಣವನ್ನು ಮೊದಲು ಕಟ್ಟಿದ್ದು ಪ್ರಯಾಣಿಕರಿಗಾಗಿ ಅಲ್ಲ. ಅದು ಒಂದು ಕಾರ್ಖಾನೆಯ, ಅಂದರೆ ಇಂದಿನ ಎಚ್‌ಎಎಲ್‌ನ, ಹಿತ್ತಲು. ಪ್ರಯಾಣಿಕರು ಆಮೇಲೆ ಬಂದ ನೆಂಟರು.

ಮೊದಲು ಕೆರೆಯ ವಿಷಯ ಮುಗಿಸೋಣ. ಕ್ಯಾಟಲೀನಾ ಒಮ್ಮೆ ಏರಿದರೆ ಹದಿನೆಂಟು ಗಂಟೆಗೂ ಮೀರಿ ಆಕಾಶದಲ್ಲೇ ಇರಬಲ್ಲ ವಿಮಾನ. ನಿಧಾನಕ್ಕೆ ಹಾರಿ, ಕಡಲಿನ ಮೇಲೆ ಕಣ್ಣಿಟ್ಟು, ಶತ್ರು ಹಡಗು ಕಂಡರೆ ಸುದ್ದಿ ಮುಟ್ಟಿಸುವುದು ಅದರ ಕೆಲಸ. 1942ರ ಏಪ್ರಿಲ್ 4ರಂದು ಸಿಲೋನಿನ ದಕ್ಷಿಣಕ್ಕೆ ಜಪಾನಿನ ಹಡಗುಪಡೆಯನ್ನು ಮೊದಲು ಕಂಡು ಎಚ್ಚರಿಸಿದ್ದು ಇಂಥದೇ ಒಂದು ಕ್ಯಾಟಲೀನಾ. ಮರುದಿನ ಕೊಲಂಬೊ ಮೇಲೆ ಬಾಂಬು ಬಿತ್ತು. ಅದರ ಮರುದಿನ ವಿಶಾಖಪಟ್ಟಣ, ಕಾಕಿನಾಡಗಳ ಮೇಲೆ. ಮದರಾಸಿನ ರೆಡ್ ಹಿಲ್ಸ್ ಕೆರೆಯಲ್ಲೂ ಇಂಥ ವಿಮಾನಗಳ ನೆಲೆ ಇತ್ತು. ಉಪ್ಪುನೀರಿನಲ್ಲಿ ತಿಂಗಳುಗಟ್ಟಲೆ ದುಡಿದ ಯಂತ್ರ ಬೇಗ ಸವೆಯುತ್ತದೆ, ತುಕ್ಕು ಹಿಡಿಯುತ್ತದೆ. ಆಗ ಅದನ್ನು ಪೂರ್ತಿ ಬಿಚ್ಚಿ, ತೊಳೆದು, ಮತ್ತೆ ಜೋಡಿಸುವ ಜಾಗ ಬೇಕು. ಆ ಜಾಗ ಬೆಂಗಳೂರಿನಲ್ಲಿತ್ತು, ಅದರ ಪಕ್ಕದಲ್ಲೇ ಸುಮಾರು ಮೂರೂವರೆ ಕಿಲೋಮೀಟರ್ ಉದ್ದದ ಕೆರೆ ಇತ್ತು.

ನೀರಿನ ಮೇಲೆ ಇಳಿಯುವುದು ಸುಲಭವೆಂದು ತೋರುತ್ತದೆ. ಗಾಳಿಯಿಲ್ಲದ ಬೆಳಗ್ಗೆ ಕೆರೆ ಕನ್ನಡಿಯಂತೆ ಮಲಗಿರುತ್ತದಲ್ಲ, ಪೈಲಟ್ಟಿಗೆ ಅದೇ ಕಷ್ಟದ ಹೊತ್ತು. ನೀರು ಎಲ್ಲಿದೆ, ಅದರಲ್ಲಿ ಕಾಣುವ ಆಕಾಶದ ನೆರಳು ಎಲ್ಲಿದೆ ಎಂದು ಕಣ್ಣು ಮೋಸಹೋಗುತ್ತದೆ. ಅದಕ್ಕೇ ತೇಲುವಿಮಾನದ ನೆಲೆಗಳಲ್ಲಿ ಒಂದು ದೋಣಿ ಓಡಿಸಿ ನೀರಿನಲ್ಲಿ ಅಲೆ ಎಬ್ಬಿಸುವ ರೂಢಿ ಇತ್ತು. ಇಳಿದ ಮೇಲೆ ಇನ್ನೊಂದು ಕೆಲಸ. ಮೊದಮೊದಲ ಕ್ಯಾಟಲೀನಾಗಳಿಗೆ ಚಕ್ರವೇ ಇರಲಿಲ್ಲ. ಆಳುಗಳು ಎದೆಮಟ್ಟದ ನೀರಿಗಿಳಿದು, ತೇಲುತ್ತಿರುವ ವಿಮಾನದ ಎರಡೂ ಪಕ್ಕಕ್ಕೆ ಬಿಡಿ ಚಕ್ರಗಳನ್ನು ಕಟ್ಟಿ, ಬಾಲದ ಕೆಳಗೊಂದು ಚಕ್ರ ಕೊಟ್ಟು, ಹಗ್ಗ ಬಿಗಿದು ಟ್ರ್ಯಾಕ್ಟರಿನಿಂದ ಇಳಿಜಾರಿನ ಮೇಲೆ ಎಳೆದುಕೊಳ್ಳಬೇಕು. ಕೆರೆಯ ಬಡಗಣ ದಿಕ್ಕಿಗೆ ಯಮಲೂರು, ಅದರಾಚೆ ಕಾರ್ಖಾನೆ. ಎತ್ತಿನ ಗಾಡಿ ಓಡಾಡುವ ಸೀಮೆಯಲ್ಲಿ, ರಾಗಿ ಹೊಲಗಳ ನಡುವೆ, ನೂರಡಿ ರೆಕ್ಕೆಯ ಯಂತ್ರವೊಂದು ನೀರು ಸುರಿಸಿಕೊಂಡು ದಡ ಹತ್ತಿ ಬರುವುದನ್ನು ಕಂಡವರಿಗೆ ಏನನ್ನಿಸಿರಬಹುದು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಇನ್ನು ಕಾರ್ಖಾನೆಗೆ ಬರೋಣ. ವಾಲ್‌ಚಂದ್ ಹೀರಾಚಂದ್ ಸೊಲ್ಲಾಪುರದವರು. ಬ್ರಿಟಿಷ್ ಹಡಗು ಕಂಪನಿಗಳಿಗೆ ಎದುರಾಗಿ ಸಿಂಧಿಯಾ ಹಡಗು ಕಂಪನಿ ನಿಲ್ಲಿಸಿದವರು. ಹಡಗು, ವಿಮಾನ, ಕಾರು ಮೂರೂ ಈ ದೇಶದಲ್ಲೇ ಆಗಬೇಕು ಎನ್ನುವುದು ಅವರ ಹಟ. 1939ರ ಕೊನೆಯ ಹೊತ್ತಿಗೆ ಅಮೆರಿಕದಿಂದ ಪೆಸಿಫಿಕ್ ಸಾಗರ ದಾಟುವ ವಿಮಾನದಲ್ಲಿ ಅವರಿಗೆ ವಿಲಿಯಂ ಪಾಲಿ ಎಂಬ ಅಮೆರಿಕನ್ ಸಿಕ್ಕಿದರು. ಪಾಲಿ ಚೀನಾದಲ್ಲಿ, ಬರ್ಮಾ ಗಡಿಯ ಲೋಯ್‌ವಿಂಗ್ ಎಂಬಲ್ಲಿ, ವಿಮಾನ ಜೋಡಿಸುವ ಕಾರ್ಖಾನೆ ನಡೆಸುತ್ತಿದ್ದವರು. ಭಾರತದಲ್ಲೂ ಅಂಥದೊಂದು ಯಾಕಾಗಬಾರದು ಎಂಬ ಮಾತು ಅಲ್ಲಿಂದ ಬೆಳೆಯಿತು. 1940ರ ಅಕ್ಟೋಬರಿನಲ್ಲಿ ಜಪಾನೀಯರು ಲೋಯ್‌ವಿಂಗ್ ಕಾರ್ಖಾನೆಯ ಮೇಲೆ ಬಾಂಬು ಹಾಕಿದರು. ವಿಮಾನ ಕಾರ್ಖಾನೆಯನ್ನು ಶತ್ರುವಿನ ಬಾಂಬರ್ ತಲುಪದಷ್ಟು ದೂರದಲ್ಲಿ ಕಟ್ಟಬೇಕು ಎಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಕಿರಲಿಲ್ಲ.

ಬೆಂಗಳೂರನ್ನು ಆರಿಸಿದ್ದಕ್ಕೆ ಹವೆ ಚೆನ್ನಾಗಿದೆ ಎಂಬ ಕಾರಣವನ್ನೇ ಎಲ್ಲರೂ ಹೇಳುತ್ತಾರೆ. ಅದು ನಿಜವೇ. ಕರಾವಳಿಯಿಂದ ದೂರ, ವರ್ಷದ ಹೆಚ್ಚು ದಿನ ಹಾರಾಟಕ್ಕೆ ಯೋಗ್ಯ, ಉಪ್ಪುಗಾಳಿಯ ಕಾಟವಿಲ್ಲ. ನನ್ನ ಮಟ್ಟಿಗೆ ಅದು ಅರ್ಧ ಉತ್ತರ. ಉಳಿದರ್ಧ ಮೈಸೂರು ಸಂಸ್ಥಾನ ಹಿಂದಿನ ನಲವತ್ತು ವರ್ಷ ಮಾಡಿಟ್ಟ ಕೆಲಸ. ಶಿವನಸಮುದ್ರದ ವಿದ್ಯುತ್ತು 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಹರಿದಿತ್ತು, 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂದಿತ್ತು. ಟಾಟಾ ಇನ್‌ಸ್ಟಿಟ್ಯೂಟ್ ಎಂದು ನಮ್ಮ ಹಿರಿಯರು ಕರೆಯುತ್ತಿದ್ದ ವಿಜ್ಞಾನ ಸಂಸ್ಥೆ 1909ರಿಂದ ಇತ್ತು. ಭದ್ರಾವತಿಯ ಕಬ್ಬಿಣದ ಕಾರ್ಖಾನೆ ನಡೆಯುತ್ತಿತ್ತು. ವಿಮಾನಕ್ಕೆ ಭದ್ರಾವತಿ ಕಬ್ಬಿಣ ಬೇಕಿರಲಿಲ್ಲ, ನಿಜ. ಆದರೆ ದೊಡ್ಡ ಕಾರ್ಖಾನೆ ನಡೆಸುವುದೆಂದರೆ ಏನೆಂದು ಈ ಸರ್ಕಾರಕ್ಕೆ ಗೊತ್ತಿತ್ತು. ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಉದ್ಯಮ ಎಂದರೆ ಎದ್ದು ನಿಲ್ಲುವ ಮನುಷ್ಯ. ಸಂಸ್ಥಾನ 700 ಎಕರೆ ಜಮೀನು ಕೊಟ್ಟಿತು, 25 ಲಕ್ಷ ರೂಪಾಯಿ ಬಂಡವಾಳವನ್ನೂ ಹಾಕಿತು.

1940 ಮೈಸೂರಿಗೆ ಸೂತಕದ ವರ್ಷವೂ ಹೌದು. ಆಗಸ್ಟ್ 3ರಂದು ನಾಲ್ವಡಿ ಕೃಷ್ಣರಾಜ ಒಡೆಯರು ತೀರಿಕೊಂಡಿದ್ದರು. ಜಯಚಾಮರಾಜ ಒಡೆಯರು ಪಟ್ಟಕ್ಕೆ ಬಂದು ನಾಲ್ಕು ತಿಂಗಳೂ ಆಗಿರಲಿಲ್ಲ. 1940ರ ಡಿಸೆಂಬರ್ 23ರಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಲಿಮಿಟೆಡ್ ನೋಂದಣಿಯಾಯಿತು. ದೊಮ್ಮಲೂರು ರಸ್ತೆಯ ‘ಈವನ್‌ಟೈಡ್’ ಎಂಬ ಬಂಗಲೆಯಲ್ಲಿ ಮೊದಲ ಆಫೀಸು.

ಮುಂದಿನ ಮಳೆಗಾಲದಲ್ಲಿ, ಅಂದರೆ 1941ರಲ್ಲಿ, ಹಾರ್ಲೋ ಎಂಬ ತರಬೇತಿ ವಿಮಾನ ಇಲ್ಲಿಂದ ಹಾರಿತು. ಎಂಟೊಂಬತ್ತು ತಿಂಗಳಲ್ಲಿ ಬಯಲು ಕಾರ್ಖಾನೆಯಾಗಿ, ಕಾರ್ಖಾನೆಯಿಂದ ವಿಮಾನ ಎದ್ದಿತು. ಇಲ್ಲಿ ಒಂದು ಮಾತು ಸ್ಪಷ್ಟ ಮಾಡಬೇಕು. ‘ಭಾರತದಲ್ಲಿ ತಯಾರಾದ ಮೊದಲ ವಿಮಾನ’ ಎಂದು ಹೇಳುವಾಗ ನಾವು ತಯಾರಿಕೆಯನ್ನೂ ಜೋಡಣೆಯನ್ನೂ ಕಲಸಿಬಿಡುತ್ತೇವೆ. ಹಾರ್ಲೋ ಅಮೆರಿಕದ ವಿನ್ಯಾಸ, ಅದರ ಬಿಡಿಭಾಗಗಳು ಪೆಟ್ಟಿಗೆಗಳಲ್ಲಿ ಹಡಗು ಹತ್ತಿ ಬಂದವು. ಇಲ್ಲಿ ಆದದ್ದು ಜೋಡಣೆ. ಹಾಗೆಂದು ಜೋಡಣೆಯನ್ನು ಹಗುರವಾಗಿ ಕಾಣಬಾರದು. ವಿಮಾನದ ಮೈ ಎಂದರೆ ತೆಳ್ಳನೆ ಅಲ್ಯೂಮಿನಿಯಂ ತಗಡು, ಅದನ್ನು ಹಿಡಿದಿಡುವ ಸಾವಿರಾರು ರಿವೆಟ್ಟುಗಳು. ಒಂದು ರಿವೆಟ್ಟಿಗೆ ಇಬ್ಬರು ಬೇಕು. ಒಬ್ಬ ಹೊರಗಿನಿಂದ ಗಾಳಿಯ ಗನ್ ಹಿಡಿದು ಬಡಿಯುತ್ತಾನೆ. ಇನ್ನೊಬ್ಬ ಒಳಗೆ ಮುದುರಿ ಕೂತು, ರಿವೆಟ್ಟಿನ ಬಾಲಕ್ಕೆ ಉಕ್ಕಿನ ತುಂಡೊಂದನ್ನು ಒತ್ತಿ ಹಿಡಿಯುತ್ತಾನೆ. ಒಬ್ಬರ ಮುಖ ಒಬ್ಬರಿಗೆ ಕಾಣದು. ಬಡಿತದ ಸದ್ದಿನಿಂದಲೇ ಸಾಕೋ ಇನ್ನೊಂದು ಬೇಕೋ ತಿಳಿಯಬೇಕು. ಕೈ ಒಂದಿಷ್ಟು ವಾಲಿದರೂ ತಗಡಿನಲ್ಲಿ ತಗ್ಗು ಬೀಳುತ್ತದೆ. ನೇಗಿಲು, ಮಗ್ಗ, ಕುಲುಮೆ ಹಿಡಿದ ಕೈಗಳು ಈ ಕೆಲಸ ಕಲಿತವು.

1942ರ ಜುಲೈಯಲ್ಲಿ ಕರ್ಟಿಸ್ ಹಾಕ್ ಯುದ್ಧವಿಮಾನವೂ ಇಲ್ಲಿಂದ ಹಾರಿತು. ಅಷ್ಟರಲ್ಲಿ ಲೋಕ ತಲೆಕೆಳಗಾಗಿತ್ತು. ಫೆಬ್ರುವರಿಯಲ್ಲಿ ಸಿಂಗಪುರ ಬಿದ್ದಿತ್ತು, ಮಾರ್ಚಿನಲ್ಲಿ ರಂಗೂನ್. 1941ರಲ್ಲಿ ಪಾಲುದಾರನಾಗಿ ಸೇರಿದ್ದ ಭಾರತ ಸರ್ಕಾರ 1942ರ ಏಪ್ರಿಲ್‌ನಲ್ಲಿ ವಾಲ್‌ಚಂದರ ಪಾಲು ಕೊಂಡು ಆಡಳಿತ ವಹಿಸಿಕೊಂಡಿತು. ಹೊಸ ವಿಮಾನ ಕಟ್ಟುವ ಯೋಜನೆ ಹಿಂದೆ ಸರಿಯಿತು. ರಿಪೇರಿ ಮುಂದೆ ಬಂತು.

ಇದನ್ನು ಮೋಸವೆಂದು ಬರೆದವರಿದ್ದಾರೆ. ವಾಲ್‌ಚಂದರ ಕನಸಿಗೆ ಪೆಟ್ಟು ಬಿದ್ದದ್ದು ಸುಳ್ಳಲ್ಲ. ಆದರೆ ಯುದ್ಧದ ಲೆಕ್ಕವನ್ನೂ ನೋಡಬೇಕು. ಇಲ್ಲಿ ವಿಮಾನ ಕಟ್ಟಬೇಕೆಂದರೆ ಇಂಜಿನ್, ಉಪಕರಣ, ತಗಡು ಎಲ್ಲವೂ ಸಾಗರ ದಾಟಿ ಬರಬೇಕು, ಆ ದಾರಿಯಲ್ಲಿ ಜಲಾಂತರ್ಗಾಮಿಗಳ ಭಯ. ಅತ್ತ ಅಸ್ಸಾಂ, ಬಂಗಾಳದ ನೆಲೆಗಳಲ್ಲಿ ಕೆಟ್ಟು ನಿಂತ ವಿಮಾನಗಳು ಸಾಲುಗಟ್ಟಿವೆ. ಹೊಸದೊಂದನ್ನು ಕಟ್ಟುವ ಹೊತ್ತಿಗೆ ಕೆಟ್ಟದ್ದು ಹಲವನ್ನು ಎಬ್ಬಿಸಬಹುದು. 1943ರಲ್ಲಿ ಕಾರ್ಖಾನೆಯ ಉಸ್ತುವಾರಿ ಅಮೆರಿಕದ ಸೇನಾ ವಾಯುಪಡೆಯ ಕೈಗೆ ಹೋಯಿತು. ಹಿಮಾಲಯದ ಸೆರಗು ದಾಟಿ ಅಸ್ಸಾಮಿನಿಂದ ಚೀನಾದ ಕುನ್‌ಮಿಂಗ್‌ಗೆ ಸರಕು ಒಯ್ಯುವ ಆ ಭಯಂಕರ ವಾಯುಮಾರ್ಗವನ್ನು ಪೈಲಟ್ಟುಗಳು ‘ಹಂಪ್’ ಎನ್ನುತ್ತಿದ್ದರು. ಭಾರತ, ಬರ್ಮಾ, ಚೀನಾಗಳ ಈ ರಣರಂಗದಲ್ಲಿ ದುಡಿದ ಯಂತ್ರಗಳಿಗೆ ಬೆಂಗಳೂರು ದೊಡ್ಡಾಸ್ಪತ್ರೆಯಾಯಿತು.

ಆಸ್ಪತ್ರೆ ಎಂಬ ಹೋಲಿಕೆ ಸುಮ್ಮನೆ ಕೊಟ್ಟದ್ದಲ್ಲ. ವಿಮಾನದ ಇಂಜಿನ್ ಕೆಡುವವರೆಗೆ ಕಾಯುವಂತಿಲ್ಲ. ಇಂತಿಷ್ಟು ಗಂಟೆ ಓಡಿದ ಮೇಲೆ, ಸರಿಯಾಗಿದ್ದರೂ, ಇಳಿಸಿ ಬಿಚ್ಚಲೇಬೇಕು. ಪ್ರತಿ ಭಾಗವನ್ನೂ ತೊಳೆದು, ಅಳೆದು, ಕಣ್ಣಿಗೆ ಕಾಣದ ಬಿರುಕಿದೆಯೇ ಎಂದು ಹುಡುಕಿ, ಸವೆದದ್ದು ಎಸೆದು, ಮತ್ತೆ ಜೋಡಿಸಿ, ಕಟ್ಟೆಯ ಮೇಲೆ ಕೂರಿಸಿ ಗಂಟೆಗಟ್ಟಲೆ ಓಡಿಸಿ ನೋಡಬೇಕು. ಇದಕ್ಕೆ ಓವರ್‌ಹಾಲ್ ಎಂದು ಹೆಸರು. ಇಲ್ಲಿ ಬೆಂಗಳೂರಿನವರಿಗೆ ಒಂದು ಅನುಕೂಲ ಒದಗಿತು. ಸರಕು ಸಾಗಿಸುವ ಡಕೋಟಾ, ಕಡಲು ಕಾಯುವ ಕ್ಯಾಟಲೀನಾ, ಬಾಂಬು ಹಾಕುವ ಲಿಬರೇಟರ್ ಇವು ನೋಡಲು ಒಂದಕ್ಕೊಂದು ಸಂಬಂಧವಿಲ್ಲದ ವಿಮಾನಗಳು. ಆದರೆ ಮೂರರದೂ ಹೃದಯ ಒಂದೇ: ಪ್ರ್ಯಾಟ್ ಅಂಡ್ ವಿಟ್ನಿ ಕಂಪನಿಯ ‘ಟ್ವಿನ್ ವಾಸ್ಪ್’ ಇಂಜಿನ್. ಹೂವಿನ ದಳದಂತೆ ಎರಡು ಸುತ್ತು, ಸುತ್ತಿಗೆ ಏಳು, ಒಟ್ಟು ಹದಿನಾಲ್ಕು ಸಿಲಿಂಡರು; ಶಕ್ತಿ ಸುಮಾರು 1,200 ಅಶ್ವಬಲ. ಡಕೋಟಾಕ್ಕೆ ಎರಡು, ಕ್ಯಾಟಲೀನಾಕ್ಕೆ ಎರಡು, ಲಿಬರೇಟರಿಗೆ ನಾಲ್ಕು. ಒಂದನ್ನು ಕಲಿತ ಫಿಟ್ಟರಿಗೆ ಮೂರೂ ಬಾಗಿಲು ತೆರೆಯುತ್ತಿತ್ತು.

ಯುದ್ಧವೇ ನಮ್ಮ ವಿಜ್ಞಾನ ಸಂಸ್ಥೆಗೂ ಹೊಸ ವಿಭಾಗ ತಂದಿತು. 1942ರ ಡಿಸೆಂಬರಿನಲ್ಲಿ ಅಲ್ಲಿ ಏರೋನಾಟಿಕ್ಸ್ ಪಾಠ ಶುರುವಾಯಿತು. ಜರ್ಮನಿಯ ಗಟಿಂಗನ್‌ನಲ್ಲಿ ಓದಿ ಬಂದಿದ್ದ ವಿ.ಎಂ. ಘಾಟ್ಗೆ ಅದನ್ನು ಕಟ್ಟಿದವರಲ್ಲಿ ಮೊದಲಿಗರು. ಕಾರ್ಖಾನೆಗೂ ಸಂಸ್ಥೆಗೂ ನಡುವೆ ಅವರು ಸೇತುವೆಯಂತೆ ಇದ್ದರು.

ನಗರದ ಬೇರೆ ದಿಕ್ಕುಗಳಲ್ಲೂ ಯುದ್ಧ ತನ್ನ ಗುರುತು ಬಿಟ್ಟಿತು. ಯಲಹಂಕದ ವಾಯುನೆಲೆ ಆ ಕಾಲದ್ದು. ಜಾಲಹಳ್ಳಿಯಲ್ಲಿ ಇಟಲಿಯ ಯುದ್ಧಕೈದಿಗಳ ಶಿಬಿರವಿತ್ತು, ದೊಡ್ಡ ಮಿಲಿಟರಿ ಆಸ್ಪತ್ರೆಯಿತ್ತು. ಮುಂದೆ ಅಲ್ಲಿಗೆ ವಾಯುಪಡೆ ಬಂತು. ಜಕ್ಕೂರಿನ ವೈಮಾನಿಕ ಶಾಲೆ ಮಾತ್ರ ಸ್ವಾತಂತ್ರ್ಯದ ಹೊಸತರದ್ದು, ಅದನ್ನು ಯುದ್ಧಕಾಲದ್ದೆಂದು ಸೇರಿಸಬಾರದು.

ಇನ್ನೊಂದು ಸಂಗತಿ ಬೆಂಗಳೂರಿನಲ್ಲಿ ನಡೆದದ್ದಲ್ಲ, ಆದರೂ ಬಿಟ್ಟುಹೋಗಲು ಮನಸ್ಸಿಲ್ಲ. ಬ್ರಿಟನ್ನಿನ ರಾಯಲ್ ಏರ್‌ಫೋರ್ಸಿನಲ್ಲಿ 129ನೇ ಸ್ಕ್ವಾಡ್ರನ್ ಎಂಬ ತುಕಡಿ 1941ರ ಜೂನಿನಲ್ಲಿ ಮರುಹುಟ್ಟು ಪಡೆಯಿತು. ಅದರ ಸ್ಪಿಟ್‌ಫೈರ್ ವಿಮಾನಗಳಿಗೆ ಮೈಸೂರಿನ ಹಣ ಹೋಗಿತ್ತು, ಹಾಗಾಗಿ ಅದಕ್ಕೆ ‘ಮೈಸೂರು ಸ್ಕ್ವಾಡ್ರನ್’ ಎಂದು ಹೆಸರು. ಲಾಂಛನ ಯಾವುದು ಗೊತ್ತೇ? ನಮ್ಮ ಗಂಡಭೇರುಂಡ. ಅದನ್ನು ಹೊತ್ತ ತುಕಡಿ 1942ರ ಆಗಸ್ಟಿನಲ್ಲಿ ಫ್ರಾನ್ಸಿನ ಡಿಯೆಪ್ ಮೇಲಿನ ದಾಳಿಯಲ್ಲಿತ್ತು, 1944ರಲ್ಲಿ ಮಸ್ಟಾಂಗ್ ವಿಮಾನ ಏರಿ ಜರ್ಮನಿಯ ಹಾರುಬಾಂಬುಗಳನ್ನು ಅಟ್ಟಿಸಿಕೊಂಡು ಹೋಯಿತು. ಆ ಹಣ ಪ್ರಜೆಗಳ ಬೆವರಿನದು, ಅದು ಪರರ ಯುದ್ಧಕ್ಕೆ ಹೋಯಿತು ಎನ್ನುವವರ ಮಾತಿನಲ್ಲೂ ಸತ್ಯವಿದೆ. 1942 ಚಲೇಜಾವ್ ಚಳವಳಿಯ ವರ್ಷವೂ ಹೌದಲ್ಲ. ಎರಡೂ ಒಟ್ಟಿಗೇ ನಮ್ಮ ಚರಿತ್ರೆ.

ಯುದ್ಧ ಮುಗಿದಾಗ ಕಾರ್ಖಾನೆಯ ಮುಂದೆ ಇದ್ದದ್ದು ಒಂದೇ ಪ್ರಶ್ನೆ: ಇಷ್ಟು ಜನ ಕಸುಬುದಾರರಿಗೆ ಇನ್ನು ಕೆಲಸವೇನು? ವಿಮಾನ ಕಟ್ಟುವ ಕೈಗಳು ಒಂದಷ್ಟು ಕಾಲ ರೈಲ್ವೆ ಬೋಗಿಗಳನ್ನೂ ಬಸ್ಸಿನ ಬಾಡಿಗಳನ್ನೂ ಕಟ್ಟಿದವು. ಆಗ ಬಂತು ಲಿಬರೇಟರುಗಳ ಪ್ರಕರಣ. ಈ ಕಾರ್ಖಾನೆಯ ಇಡೀ ಚರಿತ್ರೆಯಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಇದೇ.

ಅಮೆರಿಕ ಯುದ್ಧಕಾಲದಲ್ಲಿ ಮಿತ್ರದೇಶಗಳಿಗೆ ವಿಮಾನಗಳನ್ನು ಕೊಟ್ಟದ್ದು ಕಡದ ಲೆಕ್ಕದಲ್ಲಿ. ಯುದ್ಧ ಮುಗಿದ ಮೇಲೆ ಅವು ಬೇರೆಯವರ ಕೈಗೆ ಹೋಗುವಂತಿಲ್ಲ. ವಾಪಸ್ ಕೊಡಬೇಕು, ಇಲ್ಲವೇ ನಾಶ ಮಾಡಬೇಕು. ಕಾನ್ಪುರದ ಚಕೇರಿಯಲ್ಲಿ ಬ್ರಿಟಿಷರು ತಮ್ಮ ಲಿಬರೇಟರ್ ಬಾಂಬರುಗಳನ್ನು ಸಾಲಾಗಿ ನಿಲ್ಲಿಸಿ, ಯಾರೂ ಮತ್ತೆ ಹಾರಿಸಬಾರದೆಂದು ಬೇಕೆಂದೇ ಹಾಳುಮಾಡಿ ಹೋದರು. ಉಪಕರಣಗಳನ್ನು ಒಡೆದರು, ಇಂಜಿನ್ನಿಗೆ ಮರಳು ಸುರಿದರು. ಸ್ವತಂತ್ರ ಭಾರತಕ್ಕೆ ಕಾಶ್ಮೀರದ ಯುದ್ಧದ ಹೊತ್ತಿನಲ್ಲಿ ಭಾರಿ ಬಾಂಬರು ಬೇಕಿತ್ತು, ಕೊಳ್ಳಲು ಸಿಗುವ ಹಾಗಿರಲಿಲ್ಲ. ಬೆಂಗಳೂರಿನ ತಂಡ ಚಕೇರಿಗೆ ಹೋಗಿ ಆ ರಾಶಿಯನ್ನು ನೋಡಿತು. ಇದರ ರೆಕ್ಕೆ, ಅದರ ಚಕ್ರ, ಇನ್ನೊಂದರ ಇಂಜಿನ್ ಎಂದು ಕೂಡಿಸಿ, ಒಂದೊಂದನ್ನೂ ಒಂದು ಸಲ ಹಾರುವಷ್ಟರ ಮಟ್ಟಿಗೆ ಎಬ್ಬಿಸಿತು. ಬೆಂಗಳೂರಿಗೆ ತಲುಪಿದರೆ ಸಾಕು, ನಿಜವಾದ ಚಿಕಿತ್ಸೆ ಇಲ್ಲಿ. ಹಾಗೆ ಅರೆಜೀವದ ಬಾಂಬರುಗಳನ್ನು ಕಾನ್ಪುರದಿಂದ ಬೆಂಗಳೂರಿಗೆ ಹಾರಿಸಿ ತಂದವರು ಕಾರ್ಖಾನೆಯ ಟೆಸ್ಟ್ ಪೈಲಟ್ ಜಮ್ಶೆಡ್ ಮುನ್ಷಿ. ಒಂದಲ್ಲ, ಎರಡಲ್ಲ, ನಲವತ್ತರ ಆಸುಪಾಸು. 1948ರ ಕೊನೆಗೆ ಭಾರತೀಯ ವಾಯುಪಡೆಯ 5ನೇ ಸ್ಕ್ವಾಡ್ರನ್ ಈ ವಿಮಾನಗಳ ಮೇಲೆಯೇ ಕಟ್ಟಲ್ಪಟ್ಟಿತು. 1968ರವರೆಗೂ ಅವು ದುಡಿದವು.

ಅಷ್ಟು ಹೊತ್ತಿಗೆ ಲೋಕದಲ್ಲಿ ಎಲ್ಲೆಲ್ಲೂ ಲಿಬರೇಟರುಗಳು ಗುಜರಿಗೆ ಹೋಗಿ ಮುಗಿದಿದ್ದವು. ಹಾಗಾಗಿ ಬ್ರಿಟನ್, ಅಮೆರಿಕ, ಕೆನಡಾಗಳ ಮ್ಯೂಸಿಯಮ್ಮುಗಳು ಇವುಗಳಿಗಾಗಿ ಭಾರತದ ಕಡೆ ನೋಡಿದವು. ಯಾರೂ ಹಾರಿಸಬಾರದೆಂದು ಬ್ರಿಟಿಷರೇ ಹಾಳುಮಾಡಿ ಬಿಟ್ಟುಹೋದ ಜಾತಿಯ ವಿಮಾನವೊಂದು 1974ರಲ್ಲಿ ಭಾರತದ ಉಡುಗೊರೆಯಾಗಿ ಅವರ ವಾಯುಪಡೆ ಮ್ಯೂಸಿಯಂ ಸೇರಿತು.

ಮುನ್ಷಿಯವರೇ 1951ರ ಆಗಸ್ಟಿನಲ್ಲಿ ಎಚ್‌ಟಿ-2 ಎಂಬ ತರಬೇತಿ ವಿಮಾನವನ್ನು ಮೊದಲ ಸಲ ಹಾರಿಸಿದರು. ಘಾಟ್ಗೆಯವರ ತಂಡದ ವಿನ್ಯಾಸ ಅದು. ಹತ್ತು ವರ್ಷ ಬೇರೆಯವರ ವಿಮಾನಗಳನ್ನು ಬಿಚ್ಚಿ ಕಲಿತವರು ತಮ್ಮದೇ ವಿಮಾನ ಬರೆದು, ಕಟ್ಟಿ, ಹಾರಿಸಿದರು. ಯುದ್ಧಕಾಲದ ರಿಪೇರಿಯನ್ನು ಕೀಳೆಂದು ನೋಡುವವರಿಗೆ ನಾನು ತೋರಿಸುವುದು ಈ ಹತ್ತು ವರ್ಷವನ್ನು.

ಇನ್ನು ನಿಲ್ದಾಣದ ಮಾತು. ರಿಪೇರಿಯಾದ ವಿಮಾನವನ್ನು ಹಾರಿಸಿ ನೋಡಲು ಓಡುದಾರಿ ಬೇಕಲ್ಲ, ಅದಕ್ಕೇ ರನ್‌ವೇ ಬಂತು. ಸಮುದ್ರಮಟ್ಟದಿಂದ ಸುಮಾರು 2,900 ಅಡಿ ಎತ್ತರದ ಊರು ನಮ್ಮದು. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ, ರೆಕ್ಕೆಗೆ ಸಿಗುವ ಆಸರೆ ಕಡಿಮೆ, ಇಂಜಿನ್ನಿಗೆ ಸಿಗುವ ಉಸಿರೂ ಕಡಿಮೆ. ಮದರಾಸಿನಲ್ಲಿ ಏಳುವುದಕ್ಕಿಂತ ಇಲ್ಲಿ ವಿಮಾನ ಹೆಚ್ಚು ದೂರ ಓಡಬೇಕು. ರನ್‌ವೇ ಬೆಳೆಯುತ್ತಾ ಬೆಳೆಯುತ್ತಾ 10,850 ಅಡಿಯಾದದ್ದರ ಹಿಂದೆ ಈ ಕಾರಣವೂ ಇದೆ. ಯುದ್ಧದ ನಂತರ ಡೆಕ್ಕನ್ ಏರ್‌ವೇಸ್‌ನ ಡಕೋಟಾಗಳು ಪ್ರಯಾಣಿಕರನ್ನು ಇಳಿಸತೊಡಗಿದವು. ಅದೇ ಜಾತಿಯ ವಿಮಾನ, ಅದೇ ಟ್ವಿನ್ ವಾಸ್ಪ್ ಸದ್ದು. ಸೈನಿಕರ ಜಾಗದಲ್ಲಿ ಜನ.

ನಮ್ಮ ಮನೆಯಲ್ಲಿ ದೊಡ್ಡವರು ಕಾರ್ಖಾನೆಯ ಸೈರನ್ ಕೇಳಿ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು. ಊರಿನಿಂದ ನೆಂಟರು ಬಂದರೆ ಲಾಲ್‌ಬಾಗ್, ವಿಧಾನಸೌಧ, ಆಮೇಲೆ ‘ವಿಮಾನ ತೋರಿಸ್ಕೊಂಡ್ ಬಾ’ ಎಂದು ನನ್ನ ಜೊತೆಗೆ ಕಳಿಸುತ್ತಿದ್ದರು. ಕಾಂಪೌಂಡಿನ ಪಕ್ಕ ಕಡಲೆಕಾಯಿ ತಿನ್ನುತ್ತಾ ನಿಲ್ಲುವುದು. ದೂರದಲ್ಲಿ ಒಂದು ದೀಪ ಕಾಣುತ್ತದೆ, ದೀಪ ಎರಡಾಗುತ್ತದೆ, ಚಕ್ರ ಕಾಣುತ್ತದೆ, ತಲೆಯ ಮೇಲೆ ನೆರಳು ಹಾದು ಸೀಮೆಎಣ್ಣೆಯಂಥ ವಾಸನೆ ಉಳಿಯುತ್ತದೆ. ನಮ್ಮ ಸೋದರತ್ತೆ ಒಬ್ಬರು ಪ್ರತಿ ಸಲವೂ ಕೈಮುಗಿಯುತ್ತಿದ್ದರು.

ಆ ಸುತ್ತಿನ ಹೆಸರುಗಳನ್ನು ಒಮ್ಮೆ ಗಮನವಿಟ್ಟು ಓದಿ. ಅಂಚೆಯವರಿಗೆ ಆ ಊರು ವಿಮಾನಪುರ. ಎನ್‌ಎಎಲ್ ಎಂಬ ವೈಮಾನಿಕ ಪ್ರಯೋಗಾಲಯದ ಪಕ್ಕದ್ದು ವಿಂಡ್ ಟನಲ್ ರೋಡ್. ಗಾಳಿಯ ಸುರಂಗದಲ್ಲಿ ವಿಮಾನದ ಮಾದರಿಗಳನ್ನು ಪರೀಕ್ಷಿಸುವವರ ರಸ್ತೆ. ಹಳೇ ಮದರಾಸು ರಸ್ತೆಯಿಂದ ಬರುವುದು ಸುರಂಜನ್ ದಾಸ್ ರಸ್ತೆ. 1961ರ ಜೂನ್ 17ರಂದು ಇಲ್ಲೇ ಮಾರುತ್ ಯುದ್ಧವಿಮಾನವನ್ನು ಮೊದಲು ಹಾರಿಸಿದ ಪೈಲಟ್ ಅವರು. 1970ರ ಜನವರಿಯಲ್ಲಿ ಮಾರುತ್ ಪರೀಕ್ಷೆಯಲ್ಲೇ ಪ್ರಾಣ ಬಿಟ್ಟರು. ದಿನವೂ ಆ ರಸ್ತೆಯ ಸಿಗ್ನಲ್ಲಿನಲ್ಲಿ ನಿಲ್ಲುವ ಸಾವಿರಾರು ಜನರಲ್ಲಿ ಎಷ್ಟು ಮಂದಿಗೆ ಅವರು ಯಾರೆಂದು ಗೊತ್ತೋ! ಅಲ್ಲೊಂದು ಕಲ್ಲಿನ ಮೇಲೆ ಕನ್ನಡದಲ್ಲಿ ನಾಲ್ಕು ಸಾಲು ಬರೆಸಬೇಕು ಎಂದು ನನ್ನ ಬಹುಕಾಲದ ಆಸೆ. ಬೆಳ್ಳಂದೂರು ಕೆರೆಯ ಏರಿಯ ಮೇಲೂ ಇನ್ನೊಂದು.

2008ರ ಮೇ 24ರಿಂದ ಪ್ರಯಾಣಿಕರ ವಿಮಾನಗಳೆಲ್ಲ ದೇವನಹಳ್ಳಿಗೆ ಹೋದವು. ಮುರುಗೇಶಪಾಳ್ಯದ ಟ್ಯಾಕ್ಸಿ ಸಾಲು ಕರಗಿತು, ರಸ್ತೆಯ ಹೆಸರಿನ ಹಿಂದೆ ‘ಹಳೇ’ ಸೇರಿಕೊಂಡಿತು. ರನ್‌ವೇ ಮಾತ್ರ ಸುಮ್ಮನಾಗಲಿಲ್ಲ. ಅದಕ್ಕೂ ಮೊದಲು, 2001ರ ಜನವರಿ 4ರಂದು, ತೇಜಸ್ ಯುದ್ಧವಿಮಾನ ಮೊದಲ ಸಲ ಎದ್ದದ್ದೂ ಅಲ್ಲಿಂದಲೇ. ಇವತ್ತಿಗೂ ಕಾರ್ಖಾನೆಯಿಂದ ಹೊರಬಂದ ಹೆಲಿಕಾಪ್ಟರು, ವಿಮಾನಗಳು ಅಲ್ಲೇ ಹಾರಿ ನೋಡಿಕೊಳ್ಳುತ್ತವೆ. ಬೆಳಗ್ಗೆ ಹತ್ತರ ಹೊತ್ತಿಗೆ ಮಾರತಹಳ್ಳಿ ಕಡೆ ಬಸ್ಸಿನಲ್ಲಿ ಕೂತಿದ್ದರೆ ಒಮ್ಮೊಮ್ಮೆ ಆ ಸದ್ದು ಕೇಳುತ್ತದೆ, ಕಂಡಕ್ಟರ್ ಒಂದು ಗಳಿಗೆ ಮಾತು ನಿಲ್ಲಿಸಿ, ಸದ್ದು ಹಾದುಹೋದ ಮೇಲೆ ಮತ್ತೆ ಟಿಕೆಟ್ ಕೇಳುತ್ತಾನೆ.